ಅರವತ್ತಮೂರು ಅರ್ಜಿಗಳ ವಿಲೇವಾರಿ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಅಂಗೈ ಅಗಲದ ಒಂದು ಹಳದಿ ಚೀಟಿ. ಅದನ್ನು ಬರೆದವರು ನೀರು ಸರಬರಾಜು ಕಚೇರಿಯ ದೂರು ವಿಭಾಗದ ಗುಮಾಸ್ತರು. ಅವರ ಮೇಜಿನ ಮೇಲೆ ಕಾಗದದ ರಾಶಿ ಸದಾ ಮೂಗಿನ ಮಟ್ಟಕ್ಕಿರುತ್ತಿದ್ದುದರಿಂದ ಇಡೀ ಕಚೇರಿ ಅವರನ್ನು ರಾಶಿಯಪ್ಪ ಎಂದೇ ಕರೆಯುತ್ತಿತ್ತು. ಹೊಸಬರು ಅದೇ ನಿಜವಾದ ಹೆಸರೆಂದು ತಿಳಿದು ‘ರಾಶಿಯಪ್ಪನವರೇ’ ಎಂದು ಬಲು ಗೌರವದಿಂದ ಕೂಗುತ್ತಿದ್ದರು. ಪಾಪ, ಅವರೂ ಓಗೊಡುತ್ತಿದ್ದರು.

ವರ್ಷದ ಕೊನೆಯ ದಿನ. ಸಾಹೇಬರು ಹಿಂದಿನ ಸಂಜೆಯೇ ಗುಡುಗಿ ಹೋಗಿದ್ದರು. “ಹೊಸ ವರ್ಷಕ್ಕೆ ಮೇಜುಗಳು ಕನ್ನಡಿ ಹಾಗಿರಬೇಕು. ನಾಳೆ ಐದು ಗಂಟೆಗೆ ಬಂದು ನೋಡ್ತೀನಿ. ಒಂದೇ ಒಂದು ಕಾಗದ ಬಾಕಿ ಕಂಡರೂ ರಜೆ ಗಿಜೆ ಅಂತ ನನ್ನ ಮುಂದೆ ಬರಬೇಡಿ!”

ಉಳಿದವರಿಗೆ ಅದು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋಯಿತು. ರಾಶಿಯಪ್ಪನವರಿಗೆ ಮಾತ್ರ ಎದೆ ಧಸಕ್ಕೆಂದಿತು. ಹೊಸ ವರ್ಷದ ದಿನ ಬೆಳಗ್ಗೆ ಏಳರ ಬಸ್ಸಿಗೆ ಮೂರು ಟಿಕೆಟ್ ಆಗಿತ್ತು. ಒಂಬತ್ತು ವರ್ಷದ ಮಗಳು ಇನ್ನೂ ಸಮುದ್ರ ನೋಡಿರಲಿಲ್ಲ. ಮೂರು ಸಲ ಹೊರಟು ಮೂರು ಸಲವೂ ರಜೆ ಸಿಗದೆ ಪ್ರಯಾಣ ನಿಂತಿತ್ತು.

“ಈ ಸಲವೂ ಕೈಕೊಟ್ಟರೆ ನಾವಿಬ್ಬರೇ ಹೋಗ್ತೀವಿ,” ಎಂದಿದ್ದರು ಹೆಂಡತಿ, ಬುತ್ತಿ ಕೈಗೆ ಕೊಡುತ್ತಾ. “ನೀವು ಆ ಮೇಜಿನ ಜೊತೆಗೇ ಸಂಸಾರ ಮಾಡ್ಕೊಂಡಿರಿ.”

ಹೀಗಾಗಿ ಎಂಟೂವರೆಗೇ ರಾಶಿಯಪ್ಪನವರು ಕಚೇರಿಗೆ ಹಾಜರ್. ಕೂತರೆ ನಿಲ್ಲಬೇಕು ಅನಿಸುತ್ತಿತ್ತು, ನಿಂತರೆ ಗಡಿಯಾರ ನೋಡಬೇಕು ಅನಿಸುತ್ತಿತ್ತು. ಎಡಗಡೆಯ ರಾಶಿಯನ್ನು ಬಲಗಡೆಗೆ ಇಟ್ಟರು. ಸ್ವಲ್ಪ ಹೊತ್ತು ನೋಡಿ ಮತ್ತೆ ಎಡಗಡೆಗೇ ಇಟ್ಟರು. ಬೆವರು ಬಂತೇ ಹೊರತು ರಾಶಿ ಕರಗಲಿಲ್ಲ.

ಹತ್ತು ಗಂಟೆಗೆ ಪಕ್ಕದ ಮೇಜಿನವರು ಬಂದರು. ಕೇಳದಿದ್ದರೂ ಸಲಹೆ ಕೊಡುವುದು ಅವರ ಚಾಳಿ, ಅದಕ್ಕೇ ಅವರು ಸಲಹೆ ಸಾರ್. ಅವರ ಸ್ವಂತ ಮೇಜನ್ನು ನೋಡಿದರೆ ಬಿರುಗಾಳಿ ಆಗತಾನೇ ಎದ್ದು ಹೋದಂತಿತ್ತು.

“ಅಯ್ಯೋ, ಹಾಗಲ್ಲಾರೀ! ಇದಕ್ಕೊಂದು ಕ್ರಮ ಇದೆ,” ಎಂದು ಅವರು ಕುರ್ಚಿ ಎಳೆದುಕೊಂಡರು. “ವಿಂಗಡಿಸಬೇಕು. ಮುಗಿದದ್ದು ಕಪಾಟಿಗೆ. ಸಾಹೇಬರ ಸಹಿಗೆ ಹೋಗೋದು ಒಂದು ಪೆಟ್ಟಿಗೆಗೆ. ಪೆಟ್ಟಿಗೆ ಮೇಲೊಂದು ಚೀಟಿ. ಮೇಜು ಖಾಲಿ, ಮನಸ್ಸು ಖಾಲಿ!”

“ನಿಮ್ಮ ಮೇಜು?”

“ನನ್ನದು ಬಿಡಿ. ನಾನೆಲ್ಲಿ ರಜೆ ಕೇಳಿದೀನಿ?”

ಮಾತು ಸರಿ ಅನಿಸಿತು. ರಾಶಿಯಪ್ಪನವರು ತಲೆ ಎತ್ತದೆ ಕೆಲಸ ಮಾಡಿದರು. ಬಾರದ ನೀರು, ನಿಲ್ಲದ ನೀರು, ಬಣ್ಣ ಬದಲಿಸಿದ ನೀರು, ಹೀಗೆ ಅರವತ್ತಮೂರು ದೂರಿನ ಅರ್ಜಿಗಳಿಗೆ ಒಂದೊಂದಾಗಿ ಟಿಪ್ಪಣಿ ಬರೆದು ಮುಗಿಸುವಾಗ ಮೂರು ಗಂಟೆ. ಇನ್ನು ಸಾಹೇಬರ ಸಹಿ ಬಿದ್ದರೆ ಅಷ್ಟೂ ಇತ್ಯರ್ಥ. ಅವನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ, ಹಳದಿ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದರು: ‘ವಿಲೇವಾರಿ’. ಕಚೇರಿಯ ಭಾಷೆಯಲ್ಲಿ ಹಾಗೆಂದರೆ ತೀರ್ಮಾನ ಕೊಟ್ಟು ಮುಗಿಸುವುದು, ಅದರಲ್ಲಿ ತಪ್ಪೇನಿಲ್ಲ. ಪೆಟ್ಟಿಗೆಯನ್ನು ಬಾಗಿಲ ಬಳಿ ಇಟ್ಟು, ಕೈ ತೊಳೆದುಕೊಂಡು ಬರಲು ಹೋದರು. ಬಂದು ನೋಡಿದರೆ ಪೆಟ್ಟಿಗೆ ಇಲ್ಲ.

“ಪೆಟ್ಟಿಗೆ ಎಲ್ಲಿ? ಯಾರು ತಗೊಂಡ್ರು?”

ಕಸ ಗುಡಿಸುವ ಆಯಮ್ಮ ಹೆಮ್ಮೆಯಿಂದ ಮುಂದೆ ಬಂದರು. ಸಂಜೆ ಶಾಲೆಗೆ ಹೋಗಿ ಓದು ಕಲಿತು ಇನ್ನೂ ಎರಡು ತಿಂಗಳಾಗಿರಲಿಲ್ಲ. “ನಾನೇ ಕಳಿಸ್ದೆ ಸಾರ್. ಯಾರೂ ಹೇಳ್ಕೊಡ್ಲಿಲ್ಲ, ನಾನೇ ಕೂಡಿಸ್ಕೊಂಡು ಓದ್ದೆ. ವಿ-ಲೇ-ವಾ-ರಿ. ಕಸದ ಗಾಡಿ ಮೇಲೂ ಅದೇ ಅಲ್ವಾ ಬರ್ದಿರೋದು? ಕಸ ವಿಲೇವಾರಿ! ಗಾಡಿ ಬಂದಿತ್ತು, ಹಾಕಿಬಿಟ್ಟೆ.”

ರಾಶಿಯಪ್ಪನವರ ಬಾಯಿಂದ ಬೈಗುಳ ಬರಬೇಕಿತ್ತು. ಆದರೆ ಆಯಮ್ಮನ ಮುಖ ನೋಡಿ “ಚೆನ್ನಾಗಿ ಓದಿದ್ದೀಯಮ್ಮ” ಎಂದಷ್ಟೇ ಹೇಳಿ, ಕಾವಲುಗಾರನ ಸೈಕಲ್ ಕಿತ್ತುಕೊಂಡು ಹೊರಟರು. ಸೈಕಲ್ ಹತ್ತಿ ಇಪ್ಪತ್ತು ವರ್ಷವಾಗಿತ್ತು. ಒಂದು ಬೀದಿ, ಎರಡು ಬೀದಿ. ಹಿಂದಿನಿಂದ ನಾಯಿಯೊಂದು ಬೊಗಳುತ್ತಾ ಓಡಿಬಂದದ್ದರಿಂದ ಮೂರನೆಯ ಬೀದಿ ಬಲುಬೇಗ ಮುಗಿಯಿತು. ತಿರುವಿನಲ್ಲಿ ಗಾಡಿ ಸಿಕ್ಕಿತು.

“ನಿಲ್ಸಪ್ಪಾ! ಅದರಲ್ಲಿ ನಮ್ಮ ಕಾಗದ ಇದೆ, ವಾಪಸ್ ಕೊಡು!”

ಚಾಲಕ ಇಳಿದು ಬಂದು ಇವರನ್ನು ಅಡಿಯಿಂದ ಮುಡಿವರೆಗೆ ನೋಡಿದ. “ನೀರಿನ ಆಫೀಸಿನವರಲ್ವಾ ನೀವು? ವಾಪಸ್ ಬೇಕಾದ್ರೆ ಅರ್ಜಿ ಕೊಡಿ. ಪರಿಶೀಲಿಸಿ ಕ್ರಮ ತಗೋತೀವಿ.”

“ತಮಾಷೆ ಮಾಡಬೇಡಪ್ಪ, ಹೊತ್ತಾಗ್ತಿದೆ!”

“ತಮಾಷೆ ಯಾರು ಮಾಡ್ತಿರೋದು ಸ್ವಾಮಿ? ನಮ್ಮ ಬೀದಿ ನಲ್ಲಿ ಕೆಟ್ಟು ಎಂಟು ತಿಂಗಳಾಯ್ತು. ಆರು ಅರ್ಜಿ ಕೊಟ್ಟಿದೀನಿ. ಪ್ರತಿ ಸಲ ನೀವೇ ಹೇಳಿದ ಮಾತಿದು.”

ರಾಶಿಯಪ್ಪನವರಿಗೆ ನಾಚಿಕೆಯಾಯಿತು, ನಿಜವಾಗಿಯೂ ಆಯಿತು. ಗಾಡಿ ಹತ್ತಿದರು. ಪೆಟ್ಟಿಗೆ ಅಪ್ಪಚ್ಚಿಯಾಗಿತ್ತು. ಈರುಳ್ಳಿ ಸಿಪ್ಪೆಯ ನಡುವೆ ಮೊಣಕಾಲೂರಿ ಒಂದೊಂದೇ ಅರ್ಜಿ ಹೆಕ್ಕಿ, ಚಾಲಕ ಕೊಟ್ಟ ಗೋಣಿಚೀಲಕ್ಕೆ ತುಂಬತೊಡಗಿದರು. ನಲವತ್ತನೆಯದೋ ನಲವತ್ತೊಂದನೆಯದೋ ಚಾಲಕನದೇ ಅರ್ಜಿ ಆಗಿತ್ತು. “ಇದು ಎಲ್ಲಕ್ಕಿಂತ ಮೇಲಿರುತ್ತೆ, ನನ್ನಾಣೆ,” ಎಂದರು. ಅವನು ಅರೆಮನಸ್ಸಿನಿಂದ ತಲೆಯಾಡಿಸಿ, ಚೀಲವನ್ನು ಸೈಕಲ್ಲಿಗೆ ಕಟ್ಟಿಕೊಟ್ಟ.

ಕಚೇರಿಯ ಮೆಟ್ಟಿಲು ಹತ್ತುವಾಗ ಐದು ಹೊಡೆದು ಎರಡು ನಿಮಿಷ. ಒಳಗಿನಿಂದ ಸಾಹೇಬರ ದನಿ ಕೇಳಿಸಿತು. ರಾಶಿಯಪ್ಪನವರು ಚೀಲವನ್ನು ಬಾಗಿಲ ಹಿಂದೆ ತಳ್ಳಿ, ಕಿವಿಗೊಟ್ಟು ನಿಂತರು.

“ಇದು ರಾಶಿಯಪ್ಪನ ಮೇಜಾ?” ಸಾಹೇಬರು ಮೇಜಿನ ಮೇಲೆ ಬೆರಳಾಡಿಸುತ್ತಿದ್ದರು. “ಆ ಅರ್ಜಿಗಳೆಲ್ಲ ಏನಾದವು?”

“ಎಲ್ಲಾ ವಿಲೇವಾರಿ ಆಯ್ತು ಸಾರ್!” ಎಂದರು ಸಲಹೆ ಸಾರ್. ಅವರಾದರೂ ಪೆಟ್ಟಿಗೆಯ ಚೀಟಿಯನ್ನಷ್ಟೇ ನೋಡಿದ್ದರು.

“ಭಲೇ! ಒಂದೇ ದಿನದಲ್ಲಿ! ನೋಡಿ ಕಲೀರಿ ಸೋಮಾರಿಗಳಾ!”

ಬಾಗಿಲ ಹಿಂದೆ ರಾಶಿಯಪ್ಪನವರ ಕಣ್ಣಿಗೆ ಸಮುದ್ರ ಕಂಡೇಬಿಟ್ಟಿತು. ಅಂಗಿಗೆ ಅಂಟಿದ್ದ ಸಿಪ್ಪೆ ಕೊಡವಿಕೊಂಡು ಒಳಗೆ ಕಾಲಿಟ್ಟರು.

“ಬನ್ನಿ, ನಿಮಗೇ ಕಾಯ್ತಿದ್ದೆ,” ಎಂದರು ಸಾಹೇಬರು. “ಇಲ್ಲಿ ಕೆಲಸ ಬಲ್ಲವರು ನೀವೊಬ್ಬರೇ. ಈ ನಾಲ್ಕು ಮೇಜುಗಳ ಗತಿ ನೋಡಿದ್ರಾ? ಇವರು ಇಲ್ಲೇ ಇದ್ರೆ ನಿಮಗೂ ಅಡ್ಡಗಾಲು. ಅದಕ್ಕೇ ಈ ನಾಲ್ವರೂ ಒಂದು ವಾರ ಈ ಕಡೆ ತಲೆ ಹಾಕಬಾರದು ಅಂತ ಆರ್ಡರ್ ಮಾಡಿದೀನಿ. ಕಡ್ಡಾಯ ರಜೆ! ಅಷ್ಟರಲ್ಲಿ ನೀವು ಇವರ ಮೇಜುಗಳನ್ನೂ ನಿಮ್ಮದರ ಹಾಗೇ ಮಾಡಿಬಿಡಿ.”

ಸಲಹೆ ಸಾರ್ ದುಃಖದ ಮುಖ ಮಾಡಲು ಬಹಳ ಕಷ್ಟಪಡುತ್ತಿದ್ದರು.

“ಸಾರ್, ನನ್ನ ರಜೆ…”

“ಮುಂದಿನ ವರ್ಷ ನೋಡೋಣ.”

“ಮುಂದಿನ ವರ್ಷ ನಾಳೆನೇ ಸಾರ್!”

“ಹಾಗಾದ್ರೆ ಅದರ ಮುಂದಿನ ವರ್ಷ.”

ರಾಶಿಯಪ್ಪನವರ ತಲೆಯಲ್ಲಿ ಫಕ್ಕನೆ ಒಂದು ಉಪಾಯ ಹೊಳೆಯಿತು. ಬಾಕಿ ಇದ್ದವರಿಗೇ ರಜೆ ಅಂದಮೇಲೆ ತಮಗೇಕಿಲ್ಲ? ಓಡಿಹೋಗಿ ಚೀಲವನ್ನು ದರದರ ಎಳೆದು ತಂದು, ಫಳಫಳ ಹೊಳೆಯುತ್ತಿದ್ದ ಮೇಜಿನ ಮೇಲೆ ಸುರಿದೇಬಿಟ್ಟರು. ಅರ್ಜಿ, ಸಿಪ್ಪೆ, ಧೂಳು ಎಲ್ಲ ಒಟ್ಟಿಗೆ ಬಿದ್ದವು.

“ನೋಡಿ ಸಾರ್! ಅರವತ್ತಮೂರು! ಕಸದ ಗಾಡಿಯಿಂದ ಈಗತಾನೇ ತಂದೆ. ಒಂದೂ ಮುಗಿದಿಲ್ಲ!”

ಸಾಹೇಬರು ಒಂದು ಅರ್ಜಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. ಅವರ ಕಣ್ಣು ಒದ್ದೆಯಾಯಿತು. ಉಳಿದವರ ಕಡೆ ತಿರುಗಿ, “ನಾಚಿಕೆ ಆಗಲ್ವೇನ್ರೀ? ಕೆಲಸಗಳ್ಳತನದಿಂದ ನೀವು ಕಸಕ್ಕೆ ಎಸೆದದ್ದನ್ನೂ ಈ ಮನುಷ್ಯ ಹೆಕ್ಕಿ ತಂದಿದ್ದಾರೆ! ಇಂಥವರನ್ನ ನಾನು ರಜೆಗೆ ಕಳಿಸೋದಾ? ನಾಲ್ವರೂ ಹದಿನೈದು ದಿನ ಬರಬೇಡಿ!” ಎಂದು ಅಬ್ಬರಿಸಿದರು.

ಆಗ ಮೇಜಿನ ಫೋನ್ ಬಡಿದುಕೊಂಡಿತು. ಈರುಳ್ಳಿ ಸಿಪ್ಪೆಯ ಅಡಿಯಿಂದ ರಾಶಿಯಪ್ಪನವರು ಅದನ್ನು ಹುಡುಕಿ ಎತ್ತಿದರು.

“ಏನೂಂದ್ರೆ, ಏನಾಯ್ತು? ರಜೆ ಸಿಕ್ತಾ?” ಹೆಂಡತಿ ಕೇಳಿದರು. ಹಿಂದುಗಡೆ ಮಗಳು ಕುಣಿಯುತ್ತಿದ್ದ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು.

ರಾಶಿಯಪ್ಪನವರು ಫೋನಿಗೆ ಅಂಟಿದ್ದ ಸಿಪ್ಪೆ ಬಿಡಿಸಿದರು.

“ಸಿಕ್ತು ಕಣೇ. ನನ್ನೊಬ್ಬನ್ನ ಬಿಟ್ಟು ಎಲ್ಲರಿಗೂ ಸಿಕ್ತು.”