ನಮ್ಮ ಕಾಕಾನ ಗ್ರೀನ್ ಬೆಲ್ಟು

ಬೆಂಗಳೂರಿಗೆ ಗ್ರೀನ್ ಬೆಲ್ಟ್ ಬೇಕೆಂದು ಸರ್ಕಾರಕ್ಕೆ ಯಾವಾಗ ಹೊಳೆಯಿತೋ ನನಗೆ ಗೊತ್ತಿಲ್ಲ. ಆದರೆ ಅದಕ್ಕೆ ಎಷ್ಟೋ ಮೊದಲೇ ಆರ್.ಟಿ. ನಗರದ ಎರಡು ಕೋಣೆಯ ಬಾಡಿಗೆ ಮನೆಯೊಂದರಲ್ಲಿ ಅದು ಜಾರಿಗೆ ಬಂದಿತ್ತು! ಜಾರಿಗೆ ತಂದವರು ನಮ್ಮ ಕಾಕಾ, ಅಂದರೆ ನನ್ನ ಅಪ್ಪನ ತಮ್ಮ. ಧಾರವಾಡದ ಕಡೆಯಿಂದ ಬಂದು ಯಶವಂತಪುರದ ಕಾರ್ಖಾನೆಯೊಂದರಲ್ಲಿ ಗುಮಾಸ್ತರಾಗಿದ್ದರು. ಊರು ಸುಮ್ಮನೆ ಬೆಳೆಯಬಾರದು, ಯಾವ ಜಾಗ ಯಾವುದಕ್ಕೆ ಎಂದು ಮೊದಲೇ ಗೊತ್ತುಮಾಡಬೇಕು ಎಂಬುದು ಅವರ ವಾದ. ಊರು ಅವರ ಮಾತು ಕೇಳಲಿಲ್ಲ. ಕೈಗೆ ಸಿಕ್ಕಿದ್ದು ಮನೆ.

ಪಡಸಾಲೆ ವಸತಿ ಪ್ರದೇಶವಾಯಿತು. ಅಡುಗೆಮನೆ ಕೈಗಾರಿಕಾ ಪ್ರದೇಶ, ಹೊಗೆ ಬರುತ್ತದಲ್ಲ! ಮೆಟ್ಟಿಲು ವಾಣಿಜ್ಯ ಪ್ರದೇಶ, ತರಕಾರಿಯವಳ ಜೊತೆ ಚೌಕಾಸಿ ಅಲ್ಲಿ ಮಾತ್ರ. ನಾನು ಆಗ ಹೆಬ್ಬಾಳದ ಕಚೇರಿಯೊಂದರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿ ಅವರ ಮನೆಯಲ್ಲೇ ಇದ್ದೆ. ನನ್ನ ಹಾಸಿಗೆಯನ್ನು ಕಾಕಾ ‘ತಾತ್ಕಾಲಿಕ ಷೆಡ್’ ಎಂದು ವರ್ಗೀಕರಿಸಿದ್ದರು. ಯಾವಾಗ ಬೇಕಾದರೂ ತೆರವುಗೊಳಿಸಬಹುದಂತೆ!

ಆ ಮನೆಯಲ್ಲಿ ಬಿಸಿಲು ಬೀಳುತ್ತಿದ್ದುದು ಒಂದೇ ಒಂದು ಕಿಟಕಿಗೆ. ಅದರ ಅಗಲವಾದ ಕಟ್ಟೆಯ ಮೇಲೆ ಕರಿಬೇವಿನ ಕುಂಡ ಇಟ್ಟು ಕಾಕಾ ಅದನ್ನು ಗ್ರೀನ್ ಬೆಲ್ಟ್ ಎಂದು ಘೋಷಿಸಿದರು. ಅಲ್ಲಿ ಇನ್ನೇನನ್ನೂ ಇಡುವ ಹಾಗಿಲ್ಲ. ಮೇಲಿನ ತಾರಸಿ ಮನೆಯ ಮಾಲೀಕರದು, ನಮಗೆ ಪ್ರವೇಶವಿಲ್ಲ. ಹಾಗಾದರೆ ಕಾಕಾನ ಹೆಂಡತಿ, ನಮ್ಮ ಕಾಕು, ಹಪ್ಪಳ ಒಣಗಿಸುವುದೆಲ್ಲಿ? ಒಂದು ದಿನ ಧೈರ್ಯ ಮಾಡಿ ಕುಂಡದ ಪಕ್ಕ ಒಂದು ತಟ್ಟೆ ಇಟ್ಟೇಬಿಟ್ಟರು.

“ಇದನ್ನ ಯಾರನ್ನ ಕೇಳಿ ಇಲ್ಲಿ ಇಟ್ಟಿ?” ಎಂದರು ಕಾಕಾ.

“ಸೂರ್ಯನ್ನ ಕೇಳಿ ಇಟ್ಟೀನ್ರಿ.”

ಅಂದು ಸಂಜೆ ಪಡಸಾಲೆಯಲ್ಲಿ ವಿಚಾರಣೆ ನಡೆಯಿತು. ದೂರು ಕೊಟ್ಟವರು ಕಾಕಾ, ವಾದಿಸಿದವರು ಕಾಕಾ, ತೀರ್ಪು ಕೊಟ್ಟವರೂ ಕಾಕಾ! ಇಂದು ಹಪ್ಪಳಕ್ಕೆ ಬಿಟ್ಟರೆ ನಾಳೆ ಸಂಡಿಗೆ ಬರುತ್ತದೆ, ನಾಡಿದ್ದು ನನ್ನ ಬನಿಯನ್ ಬರುತ್ತದೆ, ಕಾನೂನು ಎಂದರೆ ಎಲ್ಲರಿಗೂ ಕಾನೂನೇ ಎಂದು ಅಪ್ಪಣೆಯಾಯಿತು. ಹಪ್ಪಳ ಕೈಗಾರಿಕಾ ಪ್ರದೇಶಕ್ಕೆ ವಾಪಸಾಗಿ ಬೂಸ್ಟು ಹಿಡಿಯಿತು.

ಇಂಥ ಮನೆಯಲ್ಲಿದ್ದ ಕಾಕುಗೆ ಜೀವನದಲ್ಲಿ ಇದ್ದದ್ದು ಒಂದೇ ಆಸೆ: ಬಿಸಿಲು ಬೀಳುವ ಒಂದು ಸ್ವಂತ ಮನೆ. ಕೂಡಿಟ್ಟಿದ್ದನ್ನೆಲ್ಲ ಸೇರಿಸಿ ಕಾಕಾ ಕಡೆಗೂ ಚಿಕ್ಕಜಾಲದ ಹತ್ತಿರ ಒಂದು ಸೈಟು ಕೊಂಡರು. ಅಲ್ಲಿಯ ಗೌಡರೊಬ್ಬರು ತಮ್ಮ ಹೊಲವನ್ನೇ ಲೇಔಟ್ ಮಾಡಿ ಕಲ್ಲು ನೆಟ್ಟಿದ್ದರು. ಭಾನುವಾರ ಬಂತೆಂದರೆ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿ ಸೈಟು ನೋಡಲು ಹೋಗುವುದು. ಬಟಾಬಯಲಲ್ಲಿ ನೋಡುವುದೇನು ಬಂತು? ಆದರೆ ಕಾಕುಗೆ ಎಲ್ಲವೂ ಕಾಣುತ್ತಿತ್ತು! “ಇಲ್ಲಿ ನನ್ನ ಅಡಗಿಮನಿ ನೋಡಪಾ. ಇಲ್ಲಿ ಹಿತ್ತಲ. ಮುಂಜಾನಿಂದ ಸಂಜಿತನಾ ಬಿಸಿಲು!” ಎಂದು ನನ್ನ ಕೈ ಹಿಡಿದು ಸುತ್ತಿಸುತ್ತಿದ್ದರು.

ಕಾಕಾನ ಕಣ್ಣು ಮಾತ್ರ ಬೇರೇನನ್ನೋ ಹುಡುಕುತ್ತಿತ್ತು.

“ಗೌಡ್ರ, ನಿಮ್ಮ ಲೇಔಟ್‌ನ್ಯಾಗ ಪಾರ್ಕ್ ಎಲ್ಲೈತ್ರಿ?”

“ಸುತ್ತ ರಾಗಿ ಒಲ ಐತಲ್ಲ ಸ್ವಾಮಿ, ಅದೇ ಪಾರ್ಕು!”

“ರಾಗಿ ಹೊಲದಾಗ ಬೆಂಚ್ ಹಾಕಾಕ ಬರ್ತದೇನ್ರಿ?”

“ಆಕ್ಕಳಿ ಸ್ವಾಮಿ. ಕುಯ್ಲಿಗೆ ಮುಂಚೆ ಎತ್ಕಂಡ್ ಓಗಿ!”

ಕಾಕಾ ಬಿಡುವ ಆಸಾಮಿಯೇ? ಪಾರ್ಕಿಲ್ಲದ ಲೇಔಟ್‌ಗೆ ಮಂಜೂರಾತಿ ಸಿಗುವುದಿಲ್ಲ, ಆದ್ದರಿಂದ ನಕ್ಷೆಯಲ್ಲಿ ಪಾರ್ಕು ಇದ್ದೇ ಇರಬೇಕು ಎಂದು ಮಂಜೂರಾತಿ ಕೊಡುವ ಕಚೇರಿಗೆ ಅರ್ಜಿ ಹಾಕಿದರು. ಉತ್ತರ ಬರಲಿಲ್ಲ, ಮತ್ತೆ ಹಾಕಿದರು. ಲೇಔಟ್‌ನ ಉಳಿದ ಸೈಟಿನವರು, “ನಿಮ್ಗೇನ್ ಸಾರ್ ತಲೆ ಕೆಟ್ಟಿದ್ಯಾ? ಮೊದ್ಲು ಕರೆಂಟ್ ಬರ್ಲಿ ಬಿಡಿ” ಎಂದು ಕೈಮುಗಿದರು. ಆ ಕಚೇರಿಯ ಮೆಟ್ಟಿಲು ಸವೆಯಿತೋ ಕಾಕಾನ ಚಪ್ಪಲಿ ಸವೆಯಿತೋ, ಅಂತೂ ಒಂದು ಭಾನುವಾರ ಅಧಿಕಾರಿಯೊಬ್ಬರು ನಕ್ಷೆ ಮತ್ತು ಅಳತೆಯ ಸರಪಳಿ ಹೊರಿಸಿಕೊಂಡು ಬಂದೇಬಿಟ್ಟರು!

ಕಾಕಾ ಮದುವೆಯ ಕೋಟು ಹಾಕಿಕೊಂಡು ಬಂದಿದ್ದರು. ಅಳತೆ ಶುರುವಾಯಿತು. ಸರಪಳಿ ಕೆರೆಯ ಏರಿಯಿಂದ ಹೊರಟು, ಕಲ್ಲುಗಳನ್ನು ದಾಟಿ, ಎಳೆದುಕೊಂಡು ಎಳೆದುಕೊಂಡು ಬಂದು, ಬುತ್ತಿ ಬಿಚ್ಚುತ್ತಿದ್ದ ಕಾಕುವಿನ ಎದುರು ನಿಂತಿತು. ಅಧಿಕಾರಿ ನಕ್ಷೆಯನ್ನು ಇನ್ನೊಮ್ಮೆ ನೋಡಿದರು.

“ಅಮ್ಮಾ, ಸ್ವಲ್ಪ ಏಳ್ತೀರಾ? ನೀವು ಪಾರ್ಕ್ ಮಧ್ಯದಲ್ಲಿ ಕೂತಿದ್ದೀರ.”

ನಕ್ಷೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನೂ ಗೌಡರು ಸೈಟು ಮಾಡಿ ಮಾರಲು ಹೊರಟಿದ್ದರು. ಅಲ್ಲಿಯವರೆಗೆ ಅದರಲ್ಲಿ ಮಾರಿದ್ದು ಒಂದೇ ಸೈಟು. ಅದನ್ನು ಕೊಂಡವರು, ಇಡೀ ಲೇಔಟ್‌ನಲ್ಲಿ ಪಾರ್ಕು ಬೇಕೆಂದು ಕೂಗಿದ ಏಕೈಕ ಮಹಾನುಭಾವರು, ನಮ್ಮ ಕಾಕಾ!

ಗೌಡರು ಕಾಕಾನನ್ನು ಪಕ್ಕಕ್ಕೆ ಕರೆದರು. “ನೋಡಿ ಸ್ವಾಮಿ, ಅರ್ಜಿ ಕೊಟ್ಟೋರು ನೀವೊಬ್ರೇ. ವಾಪಸ್ ತಗಂಬುಡಿ. ಸಾಯೇಬ್ರಿಗೆ ನಾನ್ ಯೋಳ್ಕತೀನಿ. ಮನೆ ಕಟ್ಕಂಡು ಆಯಾಗಿರಿ.”

ಕಾಕಾ ಕಾಕುವಿನ ಮುಖ ನೋಡಿದರು. ಕಾಕು ಎದ್ದು ನಿಂತರು. ತಮ್ಮ ಅಡುಗೆಮನೆ, ಹಿತ್ತಲು ಎಲ್ಲವನ್ನೂ ಒಂದು ಸುತ್ತು ನೋಡಿದರು.

“ಅಲ್ರೀ, ಗ್ರೀನ್ ಬೆಲ್ಟ್‌ನ್ಯಾಗ ಒಂದು ತಟ್ಟಿ ಹಪ್ಪಳ ಇಟ್ಟಿದ್ದಕ್ಕ ನನ್ನ ಮ್ಯಾಲೆ ಕೇಸ್ ಹಾಕಿದ್ರಿ. ಈಗ ಪಾರ್ಕ್‌ನ್ಯಾಗ ಮನೀನ ಕಟ್ಟಿಸ್ತೀರೇನು?”

ಅಧಿಕಾರಿ ನಕ್ಕರು, ಗೌಡರೂ ನಕ್ಕರು. ಕಾಕಾ ನಗಲಿಲ್ಲ. ಅರ್ಜಿ ಹಿಂತೆಗೆದುಕೊಳ್ಳಲೂ ಇಲ್ಲ. ಗೌಡರು ಹಣ ಹಿಂದಿರುಗಿಸುವ ಹೊತ್ತಿಗೆ ಆ ಹಣಕ್ಕೆ ಸೈಟು ಸಿಗುವ ಕಾಲ ಮುಗಿದುಹೋಗಿತ್ತು. ಕೊನೆಯವರೆಗೂ ಕಾಕಾ ಕಾಕು ಇಬ್ಬರೂ ಅದೇ ಬಾಡಿಗೆ ಮನೆಯಲ್ಲಿ ಇದ್ದರು.

ಅಳತೆಯಾದ ಮರುದಿನ ಬೆಳಿಗ್ಗೆ ನಾನು ಎದ್ದಾಗ ಕಾಕಾ ಕರಿಬೇವಿನ ಕುಂಡವನ್ನು ಕಿಟಕಿಯಿಂದ ಇಳಿಸುತ್ತಿದ್ದರು.

“ಯಾಕ್ರೀ, ಎಲ್ಲಿಗೆ ಒಯ್ತೀರಿ ಅದನ್ನ?” ಎಂದರು ಕಾಕು.

“ಪಾರ್ಕ್‌ನ್ಯಾಗ ಹಚ್ಚತೀನಿ. ನಿನ್ನ ಅಡಗಿಮನಿ ಇತ್ತಲ್ಲ, ಅಲ್ಲೆ.”

ಆಮೇಲೆ ಒಳಗೆ ಹೋಗಿ ಕಾಕು ಹೊಸದಾಗಿ ಒತ್ತಿಟ್ಟಿದ್ದ ಹಪ್ಪಳದ ತಟ್ಟೆ ತಂದರು. ಗ್ರೀನ್ ಬೆಲ್ಟಿನ ತುಂಬ ಒಂದೊಂದಾಗಿ, ಸೊಟ್ಟಸೊಟ್ಟಗೆ ಹರಡತೊಡಗಿದರು. ನಕ್ಷೆಯ ಮುಂದೆ ಕಣ್ಣು ಒದ್ದೆ ಮಾಡಿಕೊಳ್ಳದಿದ್ದ ಕಾಕು ಬಂದು ಅವರ ಪಕ್ಕ ನಿಂತು ಅತ್ತುಬಿಟ್ಟರು.

ಕಾಕಾ ತಿರುಗಿ ನೋಡಲಿಲ್ಲ. “ಇಲ್ಲಿ ನಿಂತು ಅಳಬ್ಯಾಡ,” ಎಂದರು, “ಹಪ್ಪಳ ಒಣಗಬೇಕು.”