ಒಸಾಕಾದಲ್ಲಿ ಸದಾನಂದಣ್ಣನ ಜೊತೆ ಒಂದು ಶನಿವಾರ

ಜಪಾನಿನ ಹೆಸರು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಇದರಲ್ಲಿ ಜಪಾನಿನ ತಪ್ಪು ಎಳ್ಳಷ್ಟೂ ಇಲ್ಲ. ಅಲ್ಲಿನ ಜನ ನನ್ನನ್ನು ಕಂಡಲ್ಲೆಲ್ಲ ಬಗ್ಗಿ ನಮಸ್ಕರಿಸಿದ್ದಾರೆ. ದೋಹಾದಲ್ಲಿ ಇಷ್ಟು ವರ್ಷ ದುಡಿದರೂ ಯಾರೂ ನನಗೆ ಅಷ್ಟು ಬಗ್ಗಿದ್ದಿಲ್ಲ. ತಪ್ಪೆಲ್ಲ ಸದಾನಂದಣ್ಣನದು. ಮನುಷ್ಯನನ್ನು ಅರಿಯಬೇಕಾದರೆ ಅವನ ಜೊತೆ ಪ್ರಯಾಣ ಮಾಡಬೇಕು ಎಂದು ಹಿರಿಯರು ಹೇಳುತ್ತಾರೆ. ಅರಿತ ಮೇಲೆ ಅದೇ ಮನುಷ್ಯನ ಎದುರು ಮೇಜಿನಲ್ಲಿ ಕೂತು ವರ್ಷಗಟ್ಟಲೆ ಕೆಲಸ ಮಾಡುವುದು ಹೇಗೆಂದು ಮಾತ್ರ ಅವರು ಹೇಳಿಲ್ಲ.

ನಾವಿಬ್ಬರೂ ದೋಹಾದ ಒಂದು ಏಸಿ ಕಂಪನಿಯವರು. ನಾನು ಮೂಡುಬಿದಿರೆ ಕಡೆಯವನು, ರಿಪೇರಿ ವಿಭಾಗ. ಸದಾನಂದಣ್ಣ ಕಾಪು ಕಡೆಯವರು, ಸೇಲ್ಸ್ ವಿಭಾಗ, ವಯಸ್ಸಿನಲ್ಲಿ ನನಗಿಂತ ಹಿರಿಯರು. ಎಷ್ಟು ಸಿಟ್ಟು ಬಂದರೂ ಬಹುವಚನ ಬಿಡಲಾಗದಿರುವುದು ನನ್ನ ಇನ್ನೊಂದು ಕಷ್ಟ. ಹೊಸ ಮಾದರಿಯ ಏಸಿ ಬಂದ ವರ್ಷ ಕಂಪನಿ ನಮ್ಮಿಬ್ಬರನ್ನೂ ಟ್ರೈನಿಂಗಿಗೆಂದು ಒಸಾಕಾಕ್ಕೆ ಕಳಿಸಿತು. ಆ ಊರಿನ ಕೋಟೆಯ ಚಿತ್ರ ನಮ್ಮ ಆಫೀಸಿನ ಕ್ಯಾಲೆಂಡರಿನಲ್ಲಿ ಪ್ರತಿ ವರ್ಷ ಬರುತ್ತಿತ್ತು: ಕಲ್ಲಿನ ಎತ್ತರದ ಬುಡ, ಅದರ ಮೇಲೆ ಅಂತಸ್ತು ಅಂತಸ್ತಾಗಿ ಹಸಿರು ಮಾಡು. ಮರಳು ನುಂಗಿದ ಏಸಿಗಳನ್ನು ಬಿಚ್ಚಿ ಬಂದು ಕೈ ತೊಳೆದು ನಾನು ಆ ಚಿತ್ರವನ್ನೇ ನೋಡುತ್ತಿದ್ದೆ. ಟ್ರೈನಿಂಗ್ ಮುಗಿದ ಮಾರನೆಯ ದಿನ, ಶನಿವಾರ, ನಮಗೆ ಬಿಡುವಿತ್ತು. ಕೋಟೆ ಹತ್ತಿ, ಮೇಲಿನಿಂದ ಊರು ನೋಡಿ, ಬೀದಿಯಲ್ಲಿ ಸಿಕ್ಕಿದ್ದನ್ನು ತಿಂದು ಬರಬೇಕೆಂದು ನಾನು ನಿದ್ದೆ ಬಿಟ್ಟು ಯೋಜನೆ ಹಾಕಿದ್ದೆ.

"ಮೊದಲು ಶಾಪಿಂಗ್ ಖಲಾಸ್ ಮಾಡುವ. ಕೋಟೆ ಎಲ್ಲಿಗೂ ಓಡಿ ಹೋಗುವುದಿಲ್ಲ ಮಾರಾಯ," ಎಂದರು ಸದಾನಂದಣ್ಣ.

ಅವರಿಗೆ ಅನ್ನ ಬೇಯಿಸುವ ಕರೆಂಟಿನ ಕುಕ್ಕರ್ ಬೇಕಾಗಿತ್ತು. ಅದು ದೋಹಾದ ಸೂಕಿನಲ್ಲಿ, ಎಂದರೆ ಅಲ್ಲಿನ ಹಳೇ ಪೇಟೆಯಲ್ಲಿ, ಅಂಗಡಿಗೆ ಹತ್ತರಂತೆ ಜೋಡಿಸಿಟ್ಟಿರುತ್ತದೆ. "ಅದು ಬೇರೆ, ಜಪಾನಿನಲ್ಲೇ ತೆಗೆದದ್ದು ಬೇರೆ," ಎಂದರು. ಬೆಳಗಿನ ಮಳೆ ನಿಂತ ಮೇಲೆ ವಿದ್ಯುತ್ ಸಾಮಾನುಗಳದ್ದೇ ಒಂದು ಬೀದಿಗೆ ಹೋದೆವು. ಬೆಲೆ ಡಬ್ಬದ ಮೇಲೆ ಅಚ್ಚಾಗಿತ್ತು. ಸದಾನಂದಣ್ಣ ಸೂಕಿನ ಅಭ್ಯಾಸದಲ್ಲಿ "ಲಾಸ್ಟ್ ಪ್ರೈಸ್?" ಎಂದರು. ಅಂಗಡಿಯವ ಬಗ್ಗಿ ನಮಸ್ಕರಿಸಿ ಅದೇ ಬೆಲೆ ತೋರಿಸಿದ. ಸದಾನಂದಣ್ಣ ಅವನಿಗಿಂತ ಹೆಚ್ಚು ಬಗ್ಗಿ ಪುನಃ ಕೇಳಿದರು. ಅವನು ಇನ್ನೂ ಬಗ್ಗಿದ. ಇಬ್ಬರ ತಲೆಯೂ ನೆಲ ಮುಟ್ಟುವುದೊಂದು ಬಾಕಿ. ಕಡೆಗೆ ಅವರು ನನ್ನ ರಟ್ಟೆ ಹಿಡಿದು, "ಯಲ್ಲಾ, ಹೋಗುವ. ಹಿಂದೆ ತಿರುಗಬೇಡ. ಈಗ ಕರೀತಾನೆ ನೋಡು," ಎಂದು ಹೊರಗೆ ನಡೆಸಿದರು.

ಯಾರೂ ಕರೆಯಲಿಲ್ಲ. ಬೀದಿಯ ಕೊನೆ ಬಂತು. ಅಷ್ಟರಲ್ಲಿ ಹಿಂದಿನಿಂದ ಓಡಿ ಬರುವ ಸದ್ದು ಕೇಳಿ ಸದಾನಂದಣ್ಣನ ಮುಖ ಅರಳಿತು. "ನಾನೆಂತ ಹೇಳಿದೆ? ಎಲ್ಲ ಊರಿನ ವ್ಯಾಪಾರಿಯೂ ಒಂದೇ." ಓಡಿ ಬಂದ ಅಂಗಡಿಯವ ಏದುಸಿರು ಬಿಡುತ್ತ, ಅವರು ಅಲ್ಲೇ ಮರೆತಿದ್ದ ಕೊಡೆಯನ್ನು ಎರಡೂ ಕೈಯಲ್ಲಿ ಒಪ್ಪಿಸಿ, ಮತ್ತೆ ಬಗ್ಗಿ, ಹೊರಟುಹೋದ.

ನಾವೇ ಹಿಂದೆ ಹೋಗಿ ಅಚ್ಚಾದ ಬೆಲೆಗೇ ಕುಕ್ಕರ್ ತಂದೆವು. ಇದು ಇಲ್ಲಿಯ ನೂರು ವೋಲ್ಟಿನ ಕರೆಂಟಿಗೆ ಮಾಡಿದ್ದು, ದೋಹಾದಲ್ಲಿ ಸುಟ್ಟುಹೋಗುತ್ತದೆ ಎಂದು ನಾನು ಡಬ್ಬ ತೋರಿಸಿ ತೋರಿಸಿ ಹೇಳಿದೆ. "ನಿನಗೆ ಏಸಿ ಗೊತ್ತುಂಟು, ಅನ್ನ ಗೊತ್ತಿಲ್ಲ," ಎಂದು ಅವರು ಡಬ್ಬವನ್ನು ನನ್ನ ಕೈಗೇ ಕೊಟ್ಟರು. ಅವರ ಕೈಯಲ್ಲಿ ಕೊಡೆ ಇತ್ತು.

ಮಧ್ಯಾಹ್ನವಾಯಿತು. ಕಾಲುವೆಯ ಬದಿಯಲ್ಲಿ ಒಬ್ಬಾಕೆ ಕುಳಿಗಳಿರುವ ಕಾವಲಿಯಲ್ಲಿ ಹಿಟ್ಟು ಹೊಯ್ದು ಕಡ್ಡಿಯಿಂದ ತಿರುವುತ್ತಿದ್ದಳು. "ಹರೀಶ, ಇದು ನಮ್ಮ ಗುಳಿಯಪ್ಪ ಮಾರಾಯ," ಎಂದು ಸದಾನಂದಣ್ಣ ಒಂದು ದೊನ್ನೆ ತೆಗೆದುಕೊಂಡರು. ನಾನು ಡಬ್ಬ ಇಡಲು ಒಣಗಿದ ಜಾಗ ಹುಡುಕಿ ಬರುವಷ್ಟರಲ್ಲಿ ದೊನ್ನೆ ಖಾಲಿ. "ಒಳಗೆ ಎಂತದೋ ಹಾಕಿದ್ದಾರೆ, ರಬ್ಬರಿನ ಹಾಗೆ. ಹಲಸಿನ ತೊಳೆಯಾ ಹೇಗೆ?" ಎಂದು ಅವರು ಕೈಸನ್ನೆಯಲ್ಲಿ ವಿಚಾರಿಸಿದಾಗ ಆಕೆ ನಗುತ್ತಾ ಪಾತ್ರೆಯಿಂದ ಕೆಂಪಗಿನ, ಬಿಲ್ಲೆ ಬಿಲ್ಲೆ ಅಂಟಿದ ಒಂದು ಕಾಲನ್ನು ಎತ್ತಿ ತೋರಿಸಿದಳು. ಆಕ್ಟೋಪಸ್.

ಕಡಲ ಬದಿಯಲ್ಲಿ ಹುಟ್ಟಿದವರಿಗೆ ಅದೇನು ಮಹಾ ಎಂದು ನೀವು ಕೇಳಬಹುದು. ಆದರೆ ಅಂದು ಶನಿವಾರ. ಶನಿವಾರ ಮೀನು ಮಾಂಸ ಮುಟ್ಟುವುದಿಲ್ಲವೆಂದು ಸದಾನಂದಣ್ಣ ಹರಕೆ ಹೊತ್ತವರು. "ನೀನು ಮೊದಲೇ ಹೇಳಬಾರದಿತ್ತಾ?" ಎಂದು ನನ್ನ ಮೇಲೆ ರೇಗಿದರು. ಒಂದು ತುಂಡೂ ಬಾಯಿಗೆ ಹಾಕದ ನನ್ನ ಮೇಲೆ.

ತಕ್ಷಣ ಅವರಿಗೆ ದೇವಸ್ಥಾನ ಬೇಕಾಯಿತು. ದಾರಿ ಕೇಳುವುದಕ್ಕೆಂದು ಎದುರು ಬಂದವರಿಗೆಲ್ಲ ಕೈ ಮುಗಿದು ತೋರಿಸಿದರು. ಅವರೆಲ್ಲ ಬಗ್ಗಿ ನಮಸ್ಕರಿಸಿ ಮುಂದೆ ಹೋದರು. ಊರೆಲ್ಲ ಸುತ್ತಿ ಕೊನೆಗೊಂದು ಗುಡಿ ಸಿಕ್ಕಿತು. ಯಾವ ದೇವರೋ ತಿಳಿಯದು. ಸದಾನಂದಣ್ಣ ಕಣ್ಣು ಮುಚ್ಚಿ ತುಳುವಿನಲ್ಲಿ ತುಂಬ ಹೊತ್ತು ತಪ್ಪೊಪ್ಪಿಗೆ ಮಾಡಿದರು.

"ಈ ದೇವರಿಗೆ ತುಳು ಅರ್ಥ ಆಗ್ತದಾ?" ಎಂದು ನಾನು ಹಲ್ಲು ಕಚ್ಚಿ ಕೇಳಿದೆ.

"ಊರಿನ ದೇವರಿಗೆ ಆಗ್ತದಲ್ಲ. ಇವರು ಅವರಿಗೆ ಹೇಳಿಯಾರು."

ಕೋಟೆ ಮುಟ್ಟಿದಾಗ ಕಾವಲಿನವನು ಎರಡು ಕೈಗಳನ್ನೂ ಕತ್ತರಿಯಂತೆ ಅಡ್ಡ ಹಿಡಿದು ತೋರಿಸಿದ. ಹೊತ್ತು ಮೀರಿತ್ತು. ಹಸಿರು ಮಾಡಿನ ಮೇಲೆ ಸಂಜೆಯ ಬಿಸಿಲು ಕ್ಯಾಲೆಂಡರಿಗಿಂತ ಚೆನ್ನಾಗಿ ಬಿದ್ದಿತ್ತು. ಸದಾನಂದಣ್ಣ ಕಲ್ಲಿನ ಮೇಲೆ ಕೂತು ಶೂ ಕಳಚಿ, "ಒಳಗೆ ಲಿಫ್ಟ್ ಉಂಟಂತೆ. ಲಿಫ್ಟ್ ಇರುವ ಕೋಟೆ ಎಂತ ಕೋಟೆ? ಲಿಫ್ಟ್ ನಮ್ಮ ಆಫೀಸಿನಲ್ಲೂ ಉಂಟು. ಒಂದು ಫೋಟೋ ತೆಗಿ," ಎಂದರು. ರೀಲಿನಲ್ಲಿ ಉಳಿದಿದ್ದ ಕಡೆಯ ಚಿತ್ರದಲ್ಲಿ ಅವರಿದ್ದಾರೆ, ಕುಕ್ಕರ್ ಇದೆ, ಕೋಟೆ ಅವರ ತಲೆಯ ಹಿಂದೆ ಮರೆಯಾಗಿದೆ.

ದೋಹಾಕ್ಕೆ ಬಂದ ಮೇಲಿನ ಶುಕ್ರವಾರ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಅವರ ಫ್ಲಾಟಿನಲ್ಲಿ ಊಟ. ಊರಿನವರೆಲ್ಲ ಸೇರಿದ್ದರು. ಕುಕ್ಕರಿಗೆ ಅಕ್ಕಿ ಹಾಕಿ ಸ್ವಿಚ್ ಒತ್ತಿದರು. ಟಪ್ ಎಂದಿತು, ಹೊಗೆ ಬಂತು, ಇಡೀ ಫ್ಲಾಟಿನ ಕರೆಂಟು ಹೋಯಿತು. ಸದಾನಂದಣ್ಣನ ಹೆಂಡತಿ ಶಶಿಯಕ್ಕ ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತ, "ನಾನು ಇದನ್ನು ತರಲಿಕ್ಕೆ ಹೇಳಿಯೇ ಇರಲಿಲ್ಲ," ಎಂದರು. ಸದಾನಂದಣ್ಣ ನನ್ನತ್ತ ತಿರುಗಿ, "ಹರೀಶ, ನೀನು ರಿಪೇರಿಯವನಲ್ಲವಾ, ಒಮ್ಮೆ ನೋಡು," ಎಂದರು.

ನನ್ನ ತಾಳ್ಮೆಯ ಫ್ಯೂಸೂ ಹೋಯಿತು. ಆ ಬೇಗೆಯಲ್ಲಿ ಬೆವರು ಸುರಿಸುತ್ತ ನಿಂತು, ವೋಲ್ಟು, ಕೊಡೆ, ಆಕ್ಟೋಪಸ್, ತುಳು ಪ್ರಾರ್ಥನೆ, ಮುಚ್ಚಿದ ಬಾಗಿಲು, ಎಲ್ಲವನ್ನೂ ಒಂದೂ ಬಿಡದೆ ಕೂಗಿ ಹೇಳಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಸ್ವರ ಏರಿಸಿದಷ್ಟೂ ಹೆಚ್ಚು ನಕ್ಕರು. ನನ್ನ ಹೆಂಡತಿಯೂ ನಕ್ಕಳು. ಎಲ್ಲರಿಗಿಂತ ಹೆಚ್ಚು ನಕ್ಕವರು ಸದಾನಂದಣ್ಣ. ಕಣ್ಣೀರು ಒರಸಿಕೊಂಡು, "ಆ ಅಂಗಡಿಯದ್ದು ಇನ್ನೊಮ್ಮೆ ಹೇಳು," ಎಂದರು.

ಅಂದಿನಿಂದ ದೋಹಾದ ಮದೀನತ್ ಖಲೀಫಾದಲ್ಲಿ ನಾಮಕರಣವಾಗಲಿ, ಇನ್ನೊಂದು ಕಡೆ ಗೃಹಪ್ರವೇಶವಾಗಲಿ, ಊಟವಾದ ಕೂಡಲೇ "ಹರೀಶಣ್ಣ, ಜಪಾನ್," ಎನ್ನುತ್ತಾರೆ. ನಾನು ಎದ್ದು ನಿಂತು ಸಿಟ್ಟು ಮಾಡುತ್ತೇನೆ. ಸದಾನಂದಣ್ಣ ಎದುರು ಸಾಲಿನಲ್ಲಿ ಕೂತು ನಗುತ್ತಾರೆ.

ಮೊನ್ನೆ ಮುಐದರ್ ಬಡಾವಣೆಯಲ್ಲಿ ಹೊಸದಾಗಿ ಬಂದ ಒಂದು ಕುಟುಂಬದ ಮನೆಯಲ್ಲಿ, ಸದಾನಂದಣ್ಣನ ಎದುರೇ, ಹೀಗೇ ಹೇಳಿದೆ. ಯಾರೂ ನಗಲಿಲ್ಲ. ಮನೆಯಾಕೆ ಮರುಕದಿಂದ, "ಪಾಪ, ಅಷ್ಟು ದೂರ ಹೋಗಿಯೂ ಕೋಟೆ ನೋಡಲಿಕ್ಕೆ ಆಗಲಿಲ್ಲ," ಎಂದರು. ಅವರ ಗಂಡ, "ಹಿರಿಯರಾಗಿ ಸದಾನಂದರು ಹಾಗೆ ಮಾಡಬಾರದಿತ್ತು," ಎಂದರು. ಮಾತು ಸರಿಯಾಗಿಯೇ ಇತ್ತು. ಇಷ್ಟು ದಿನ ನಾನು ಕೇಳಬೇಕೆಂದಿದ್ದ ಮಾತು ಅದೇ. ಆದರೂ ಸದಾನಂದಣ್ಣನನ್ನು ಅನ್ನಲಿಕ್ಕೆ ಇವರು ಯಾರು ಎಂದು ನನ್ನ ಮೈಯೆಲ್ಲ ಉರಿದುಹೋಯಿತು. ಪಾಯಸ ಅರ್ಧಕ್ಕೇ ಬಿಟ್ಟು ಎದ್ದೆ.

ಹಿಂದೆ ಬರುವಾಗ ಕಾರು ಓಡಿಸುತ್ತಿದ್ದ ಸದಾನಂದಣ್ಣ, "ನಗದೆ ಇದ್ದದ್ದು ಅವರ ತಪ್ಪಲ್ಲ ಹರೀಶ. ಇವತ್ತು ಹೇಳುವಾಗ ನಿನಗೆ ಸಿಟ್ಟು ಸ್ವಲ್ಪ ಕಮ್ಮಿ ಬಂತು," ಎಂದರು.

ಯೋಚಿಸಿ ನೋಡಿದೆ. ಅವರು ಹೇಳಿದ್ದು ನಿಜ.