ನಾನೇ ಬರೆದ ನಿಯಮ, ನನಗೇ ಸಿಗದ ನಂಬರ್ ಪ್ಲೇಟ್

ನಾನು ಮಲೇಷ್ಯಾದ ಸೈಬರ್‌ಜಯಾದಲ್ಲಿ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್. ಅಂದರೆ ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಇಷ್ಟು ವರ್ಷ ಊರಿನವರ ತಪ್ಪು ಹುಡುಕಿದವನಿಗೆ ತಾನೂ ತಪ್ಪು ಮಾಡಬಹುದು ಎಂಬ ಅನುಮಾನ ಬರುವುದಿಲ್ಲ. ನನಗೂ ಬಂದಿರಲಿಲ್ಲ.

ಇಲ್ಲಿ ಕಾರಿನ ನಂಬರ್ ಪ್ಲೇಟ್ ಎಂದರೆ ಜನಕ್ಕೆ ವಿಪರೀತ ಮೋಹ. ಎಂಥ ಡಕೋಟ ಕಾರಿದ್ದರೂ ಸರಿ, ಪ್ಲೇಟ್ ಮಾತ್ರ ಜೋರಾಗಿರಬೇಕು. ಸಂಘಸಂಸ್ಥೆಗಳು ಅನುಮತಿ ಪಡೆದು ತಮ್ಮದೇ ಹೆಸರಿನ ವಿಶೇಷ ಪ್ಲೇಟ್‌ಗಳನ್ನು ತರುವುದೂ ಉಂಟು. ಅದು ಹೇಗೋ, ನಮ್ಮ ಪುಟ್ಟ ಕನ್ನಡ ಸಂಘಕ್ಕೂ ಅಂಥದ್ದೊಂದು ಅನುಮತಿ ಸಿಕ್ಕಿಬಿಟ್ಟಿತು! ಇಂಗ್ಲಿಷ್ ಅಕ್ಷರಗಳಲ್ಲೇ ಆದರೂ ‘ಕನ್ನಡ’ ಎಂಬ ಹೆಸರು, ಅದರ ಪಕ್ಕದಲ್ಲಿ ನಂಬರು. ಪಕ್ಕದ ಪುತ್ರಜಯಾದ ಅಗಲವಾದ ರಸ್ತೆಯಲ್ಲಿ ಅದನ್ನು ಹಾಕಿಕೊಂಡು ಹೋಗುವ ನನ್ನ ಚಿತ್ರ ಆಗಲೇ ಕಣ್ಣಿಗೆ ಕಟ್ಟಿತ್ತು.

ಯಾರಿಗೆಲ್ಲ ಪ್ಲೇಟ್ ಕೊಡಬೇಕು ಎಂದು ತೀರ್ಮಾನಿಸಲು ಸಭೆ ಸೇರಿತು. ಅಧ್ಯಕ್ಷೆ ಫ್ಲೇವಿಯಾ ಮೇಡಂ ಮಂಗಳೂರಿನವರು, ಮಾತು ಬೆಳೆಸುವವರಲ್ಲ. “ಸದಸ್ಯರಿಗೆಲ್ಲ ಕೊಡುವ, ಮುಗೀತಲ್ಲ?” ಎಂದರು.

ಮುಗಿಯುತ್ತಿತ್ತು. ಆದರೆ ನಾನು ಎದ್ದು ನಿಂತೆ.

“ಮಾನ್ಯ ಅಧ್ಯಕ್ಷರೇ, ನಾಳೆ ಯಾರೋ ಒಬ್ಬ ಅಪರಾಧಿ ನಮ್ಮ ಪ್ಲೇಟ್ ಹಾಕಿಕೊಂಡು ಓಡಾಡಿದರೆ ಕನ್ನಡದ ಮಾನ ಏನಾಗಬೇಕು?” ಎಂದು ಆರಂಭಿಸಿ ಒಂದು ಗಂಟೆ ಮಾತಾಡಿದೆ. ಪಕ್ಕದ ಮೇಜಿನ ಮೇಲೆ ಬಿಸಿಬೇಳೆಬಾತ್ ಆರುತ್ತಿತ್ತು. ನಾನು ಮಾತು ನಿಲ್ಲಿಸಿದರೆ ಸಾಕು ಎಂದು ಎಲ್ಲರೂ ಕೈಯೆತ್ತಿದರು. ಅಪರಾಧಿಗಳಿಗೆ ಪ್ಲೇಟ್ ಇಲ್ಲ ಎಂಬ ನಿಯಮ ಸರ್ವಾನುಮತದಿಂದ ಪಾಸಾಯಿತು!

ನಿಯಮ ಬರೆದವನೂ ನಾನೇ. ಟೆಸ್ಟರ್ ಅಲ್ಲವೇ, ಇರುವೆ ನುಸುಳಲೂ ಜಾಗ ಬಿಡಲಿಲ್ಲ. “ಯಾವುದೇ ದೇಶದಲ್ಲಿ, ಯಾವುದೇ ಕಾಲದಲ್ಲಿ, ಯಾವುದೇ ಅಪರಾಧಕ್ಕಾಗಿ ಯಾವುದೇ ನ್ಯಾಯಾಲಯದಿಂದ ಶಿಕ್ಷೆಗೊಳಗಾದವರು ಈ ಪ್ಲೇಟ್‌ಗೆ ಅರ್ಹರಲ್ಲ.” ಓದಿಕೊಂಡು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಅಷ್ಟಕ್ಕೇ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಅರ್ಜಿಗಳನ್ನು ಕೂತು ನೋಡಲು ಸಮಯ ಯಾರಿಗಿದೆ ಎಂದು ಕನ್ನಡ, ಇಂಗ್ಲಿಷ್ ಎರಡರಲ್ಲೂ ಒಂದು ಆನ್‌ಲೈನ್ ಫಾರ್ಮ್ ಮಾಡಿದೆ. ‘ನಿಮಗೆ ಎಂದಾದರೂ ಶಿಕ್ಷೆಯಾಗಿದೆಯೇ?’ ಎಂಬಲ್ಲಿ ‘ಹೌದು’ ಎಂದು ಒತ್ತಿದವರಿಗೆ ನಾಲ್ಕೇ ಸೆಕೆಂಡಿನಲ್ಲಿ ಫೋನಿಗೆ ಕನ್ನಡದಲ್ಲಿ ಪತ್ರ ಹೋಗುತ್ತಿತ್ತು. ಅದರ ಒಕ್ಕಣೆಯೂ ನನ್ನದೇ: “ಮಾನ್ಯರೇ, ತಮ್ಮ ಅರ್ಜಿಯನ್ನು ಕೂಲಂಕಷವಾಗಿ ಪರಿಶೀಲಿಸಲಾಯಿತು. ತಮ್ಮ ಪೂರ್ವಚರಿತ್ರೆಯು ಸಂಘದ ಘನತೆಗೆ ತಕ್ಕುದಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ. ಇನ್ನು ಮುಂದಾದರೂ ತಾವು ಸನ್ಮಾರ್ಗದಲ್ಲಿ ನಡೆಯುವಿರೆಂದು ಆಶಿಸುತ್ತೇವೆ.”

ಅಂಥ ಪತ್ರ ಯಾರಿಗೂ ಹೋಗುವುದಿಲ್ಲ ಎಂದು ನನಗೆ ಖಾತ್ರಿಯಿತ್ತು. ನಮ್ಮಲ್ಲಿ ಎಲ್ಲರೂ ಕಂಪ್ಯೂಟರ್ ಮುಂದೆ ಕೂರುವ ಸಾಧುಪ್ರಾಣಿಗಳು.

ಶನಿವಾರ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದ ನನ್ನ ಹೆಂಡತಿ ಸುಮಾ ಫೋನ್ ನೋಡಿದವಳೇ ಸ್ಟೌ ಆರಿಸಿದಳು. ಮದುವೆಯಾದಾಗಿನಿಂದ ಬಲ್ಲೆ, ಅವಳು ದೋಸೆ ಅರ್ಧಕ್ಕೆ ಬಿಟ್ಟರೆ ನನಗೆ ಏನೋ ಕಾದಿದೆ ಎಂದೇ ಅರ್ಥ.

“ರೀ, ಕೃಷ್ಣಣ್ಣ ಒಂದು ಕಾಗದ ಕಳಿಸಿದಾರೆ. ಸಂಘದಿಂದ ಬಂತಂತೆ. ‘ನನಗೆ ಕನ್ನಡ ಓದೋಕೆ ಬರಲ್ಲ, ಏನು ಬರೆದಿದೆ ಹೇಳಮ್ಮಾ, ನಂಬರ್ ಎಷ್ಟು ಕೊಟ್ಟಿದಾರೆ ನೋಡು’ ಅಂತ ಕೇಳ್ತಿದಾರೆ.”

ನನ್ನ ಬಾಯಲ್ಲಿದ್ದ ದೋಸೆ ಅಲ್ಲೇ ನಿಂತಿತು.

ನಮ್ಮ ಸಂಘದ ಸದಸ್ಯರೇ ಆದ ಕೃಷ್ಣಣ್ಣನ ತಾತ ಕೋಲಾರದ ಕಡೆಯಿಂದ ಇಲ್ಲಿನ ರಬ್ಬರ್ ತೋಟಕ್ಕೆ ಬಂದವರು. ಕೃಷ್ಣಣ್ಣ ಹುಟ್ಟಿದ್ದು, ಬೆಳೆದದ್ದು ಎಲ್ಲ ಇಲ್ಲೇ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಸಿಟ್ಟು ಬಂದರೆ ಮಲಯ್. ಈಗ ಕಾರು ಓಡಿಸಿ ಜೀವನ ಮಾಡುತ್ತಾರೆ. ಪ್ರಾಯದಲ್ಲಿ ಕ್ಲಾಂಗ್ ಬಂದರಿನಲ್ಲಿ ಲಾರಿ ಓಡಿಸುವಾಗ ಸ್ನೇಹಿತರ ಮಾತು ಕೇಳಿ ಕದ್ದ ಮಾಲು ಸಾಗಿಸಿ, ಒಂದೂವರೆ ವರ್ಷ ಜೈಲಿನಲ್ಲಿದ್ದು ಬಂದವರು. ಇದನ್ನು ಅವರೇ ಎಲ್ಲರಿಗೂ ಹೇಳುತ್ತಾರೆ; ನಿಯಮ ಬರೆಯುವ ಭರದಲ್ಲಿ ನನಗೆ ಮಾತ್ರ ಅದು ಮರೆತೇಹೋಗಿತ್ತು. ನಾವು ಈ ದೇಶಕ್ಕೆ ಬಂದ ಮೊದಲ ವಾರ ಮಗಳು ಅನನ್ಯಾಗೆ ವಿಪರೀತ ಜ್ವರ. ಭಾಷೆ ಬಾರದು, ದಾರಿ ಗೊತ್ತಿಲ್ಲ. ಆವತ್ತು ಆಸ್ಪತ್ರೆಗೆ ಕರೆದುಕೊಂಡು ಹೋದದ್ದಲ್ಲದೆ, ಬೆಳಿಗ್ಗೆಯಿಂದ ಸಂಜೆಯವರೆಗೆ ಬೇರೆ ಬಾಡಿಗೆ ಬಿಟ್ಟು ನಮ್ಮ ಜೊತೆ ಕೂತಿದ್ದವರು ಕೃಷ್ಣಣ್ಣ. ಅಂಥವರಿಗೆ ನಾನು ‘ಸನ್ಮಾರ್ಗದಲ್ಲಿ ನಡೆಯಿರಿ’ ಎಂದು ಪತ್ರ ಬರೆದಿದ್ದೆ.

“ಯಾವ ಪುಣ್ಯಾತ್ಮ ಬರೆದಿದ್ದು ಇದನ್ನ?” ಎಂದು ಸುಮಾ ಕೇಳಿದಳು. ಆಮೇಲೆ ಕೆಳಗಿದ್ದ ಸಹಿ ನೋಡಿದಳು.

“ಕಂಪ್ಯೂಟರ್ ಕಳಿಸಿದ್ದು ಕಣೇ, ನಾನಲ್ಲ,” ಎಂದೆ.

“ಕಂಪ್ಯೂಟರ್‌ಗೆ ‘ಪೂರ್ವಚರಿತ್ರೆ’ ಅನ್ನೋ ಪದ ಹೇಳಿಕೊಟ್ಟಿದ್ದು ಯಾರು?”

“ನೋಡು, ನಿಯಮ ಎಂದ ಮೇಲೆ ಎಲ್ಲರಿಗೂ ಒಂದೇ. ನಾಳೆ ನಾನೇ ಆದರೂ...”

“ಹೌದಾ? ನಿಮ್ಮ ಫಾರ್ಮಲ್ಲಿ ಏನು ಒತ್ತಿದ್ರಿ?”

“‘ಇಲ್ಲ’ ಅಂತ.”

“ಮತ್ತೆ ಮೈಸೂರು ಕೋರ್ಟು?”

ಕಾಲೇಜಿನ ಕಾಲದಲ್ಲಿ, ಲೈಸೆನ್ಸ್ ಇಲ್ಲದೆ, ಸ್ನೇಹಿತನ ಸ್ಕೂಟರಿನಲ್ಲಿ ತ್ರಿಬಲ್ ರೈಡಿಂಗ್ ಹೋಗಿ ಪೊಲೀಸರ ಕೈಗೆ ಸಿಕ್ಕಿಬಿದ್ದಿದ್ದೆ. ದಂಡ ಕಟ್ಟಿ ಬರುವುದು ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ಒಂದು ಸಣ್ಣ ಭಾಷಣ ಮಾಡಿದ್ದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, ದಂಡದ ಜೊತೆಗೆ ‘ಕೋರ್ಟ್ ಏಳುವವರೆಗೆ ಸಜೆ’ ಎಂದಿದ್ದರು. ಅಂದರೆ ಆ ದಿನದ ಕಲಾಪ ಮುಗಿಯುವ ತನಕ ಮೂಲೆಯ ಬೆಂಚಿನ ಮೇಲೆ ಬಾಯಿ ಮುಚ್ಚಿಕೊಂಡು ಕೂರಬೇಕು. ಈ ಕಥೆಯನ್ನು ಮದುವೆಯಾದ ಹೊಸದರಲ್ಲಿ ಸುಮಾಳ ಮುಂದೆ ದೊಡ್ಡ ಸಾಹಸವೆಂಬಂತೆ ಕೊಚ್ಚಿಕೊಂಡಿದ್ದವನೂ ನಾನೇ!

“ಅದು ಶಿಕ್ಷೆ ಅಲ್ಲವೇ ಅಲ್ಲ. ಸುಮ್ಮನೆ ಕೂತಿದ್ದು!”

ಅಲ್ಲಿಯವರೆಗೆ ಫೋನಿನಿಂದ ತಲೆಯೆತ್ತದಿದ್ದ ಅನನ್ಯಾ, ಇಲ್ಲಿಯವರಂತೆ ಮಾತಿನ ಕೊನೆಗೊಂದು ‘ಲಾ’ ಅಂಟಿಸಿ ಹೇಳಿದಳು: “ಅಪ್ಪಾ, ಯಾವುದೇ ದೇಶ, ಯಾವುದೇ ಕಾಲ ಅಂತ ಯು ರೋಟ್ ಇಟ್. ಟೆಕ್ನಿಕಲಿ ಯು ಆರ್ ಎ ಕನ್ವಿಕ್ಟ್ ಲಾ.”

ಇರುವೆ ನುಸುಳದ ನಿಯಮದಲ್ಲಿ ಆನೆಯೊಂದು ಸಿಕ್ಕಿಹಾಕಿಕೊಂಡಿತ್ತು. ಪೌರುಷಕ್ಕೆ ಫಾರ್ಮ್ ತೆರೆದೆ. ‘ಹೌದು’ ಒತ್ತಿದೆ. ನಾಲ್ಕು ಸೆಕೆಂಡ್. ಟಿಂಗ್!

ಕೂಲಂಕಷವಾಗಿ ಪರಿಶೀಲಿಸಲಾಗಿತ್ತು. ನನ್ನ ಪೂರ್ವಚರಿತ್ರೆ ಸಂಘದ ಘನತೆಗೆ ತಕ್ಕುದಾಗಿರಲಿಲ್ಲ. ಬರೆಯುವಾಗ ಬಹಳ ಚೆನ್ನಾಗಿದೆ ಎನಿಸಿದ್ದ ಸಾಲುಗಳು ನನ್ನ ಹೆಸರಿಗೇ ಬಂದಾಗ ಕಿವಿಯವರೆಗೂ ಬಿಸಿಯಾಯಿತು. ಕೋಪ ಬಂತು. ಆಮೇಲೆ ನಾಚಿಕೆಯಾಯಿತು, ಅದು ಕೋಪಕ್ಕಿಂತ ಜಾಸ್ತಿಯಾಯಿತು.

“ಹೋಗಿ. ನೀವು ಬರೆದದ್ದನ್ನ ನೀವೇ ಓದಿ ಹೇಳಿ,” ಎಂದು ಸುಮಾ ಕಾರಿನ ಕೀಲಿಯನ್ನು ನನ್ನ ತಟ್ಟೆಯ ಪಕ್ಕ ಇಟ್ಟಳು.

ಕೃಷ್ಣಣ್ಣ ಎಂದಿನಂತೆ ಮಾಮಕ್ ಅಂಗಡಿಯಲ್ಲಿ, ಅಂದರೆ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಟೀ ಕುಡಿಯುತ್ತಿದ್ದರು. ನನ್ನನ್ನು ನೋಡಿ ಮುಖ ಅರಳಿತು. “ಬನ್ನಿ ಸಾರ್, ಮಕಾನ್ ಆಯ್ತಾ, ತಿಂಡಿ ಆಯ್ತಾ? ಪ್ಲೇಟ್ ನಂಬರ್ ಗೊತ್ತಾಯ್ತಾ? ಅಮ್ಮನಿಗೆ ಹೇಳ್ಬಿಟ್ಟಿದೀನಿ. ಎಂಬತ್ತೈದು ವಯಸ್ಸು. ಕೋಲಾರದ ಕಡೆ ಊರು ಒಂದ್ಸಲಾನೂ ನೋಡಿಲ್ಲ ಅವರು. ಕಾರ್ ಮೇಲಾದ್ರೂ ಊರಿನ ಭಾಷೆ ಹೆಸರು ಬರಲಿ, ಕೈಯಲ್ಲಿ ಮುಟ್ಟಿ ನೋಡ್ತೀನಿ ಅಂತಾರೆ.”

ಓಡಿಹೋಗೋಣ ಎನಿಸಿತು. ಸುಮಾಳ ಮುಖ ನೆನಪಾಗಿ ಕೂತೆ. ಪತ್ರವನ್ನು ಒಂದಕ್ಷರ ಬಿಡದೆ ಓದಿದೆ.

ಅವರು ಟೀ ಗ್ಲಾಸನ್ನು ಪಕ್ಕಕ್ಕೆ ಸರಿಸಿದರು. “ನಿಜ ತಾನೆ ಸಾರ್. ರೂಲ್ ಅಂದ್ರೆ ರೂಲ್ ಲಾ. ಅಮ್ಮನಿಗೆ ಏನಾದ್ರೂ ಹೇಳ್ತೀನಿ ಬಿಡಿ.”

“ರೂಲ್ ಬರೆದವನು ನಾನೇ ಅಣ್ಣ. ತಪ್ಪಾಯ್ತು. ಕ್ಷಮಿಸಿಬಿಡಿ,” ಎಂದು ನನಗೆ ಬಂದ ಪತ್ರವನ್ನೂ ತೆಗೆದು ಓದಿದೆ.

ಕೃಷ್ಣಣ್ಣ ಕಣ್ಣರಳಿಸಿದರು. “ನೀವೂ ಒಳಗೆ ಹೋಗಿದ್ರಾ ಸಾರ್? ಎಷ್ಟು ದಿನ?”

“ಸಂಜೆ ಐದರವರೆಗೆ.”

“ಊಟ ಕೊಟ್ರಾ?”

“ಇಲ್ಲ.”

“ಅಯ್ಯೋ ಪಾಪ! ನಮಗೆ ಕೊಡ್ತಿದ್ರು!” ಎಂದು ಮೇಜು ಕುಟ್ಟಿ ನಕ್ಕರು. ಅಂಗಡಿಯವರೆಲ್ಲ ತಿರುಗಿ ನೋಡಿದರು. ಹೊರಡುವಾಗ ಅನನ್ಯಾಗೆ ಇಷ್ಟವೆಂದು ಪರೋಟದಂಥ ನಾಲ್ಕು ರೊಟ್ಟಿ ಚನಾಯ್ ಪಾರ್ಸೆಲ್ ಕಟ್ಟಿಸಿ ನನ್ನ ಕೈಗಿಟ್ಟರು. ನಾಲ್ಕು ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ಮುಂದಿನ ಭಾನುವಾರದ ಸಭೆಯಲ್ಲಿ ಮತ್ತೆ ಎದ್ದು ನಿಂತೆ. ಹಾಲ್‌ನಲ್ಲಿ ಒಂದು ನಿಟ್ಟುಸಿರು ಹರಿದಾಡಿತು.

“ಎಂತ ಮಾರಾಯ್ರೆ,” ಎಂದರು ಫ್ಲೇವಿಯಾ ಮೇಡಂ. “ಒಂದು ಗಂಟೆ ಮಾತಾಡಿ ತಂದ ನಿಯಮ ತೆಗೀಲಿಕ್ಕೆ ಇನ್ನೊಂದು ಗಂಟೆ ಬೇಕಾ? ಎರಡು ನಿಮಿಷ ಕೊಡ್ತೇನೆ.”

ಎರಡು ನಿಮಿಷದಲ್ಲಿ ಕೃಷ್ಣಣ್ಣನ ಪತ್ರ, ಅವರ ಅಮ್ಮನ ಆಸೆ, ನನ್ನ ಸ್ಕೂಟರು, ಮೂಲೆಯ ಬೆಂಚು ಎಲ್ಲವನ್ನೂ ಹೇಳಿದೆ. ‘ಕೋರ್ಟ್ ಏಳುವವರೆಗೆ’ ಎಂಬಲ್ಲಿಗೆ ಬಂದಾಗ ಸಭೆಯೇ ಬಿದ್ದುಬಿದ್ದು ನಕ್ಕಿತು. ನನ್ನ ಭಾಷಣ ಜನರಿಗೆ ಅಷ್ಟು ಹಿಡಿಸಿದ್ದು ಅದೇ ಮೊದಲು!

ನಿಯಮ ಬದಲಾಯಿತು. ಹಿಂದೆಂದೋ ಶಿಕ್ಷೆಯಾದವರ ನಡತೆ ಒಳ್ಳೆಯದೆಂದು ಮನೆಯವರಲ್ಲದ ಒಬ್ಬ ಸದಸ್ಯರು ಬರೆದು ಸಹಿ ಹಾಕಿದರೆ ಸಾಕು, ಪ್ಲೇಟ್ ಕೊಡುವುದು. ಕೃಷ್ಣಣ್ಣನ ಹಾಳೆಗೆ ಸಹಿ ಹಾಕಲು ಜನ ಸಾಲುಗಟ್ಟಿದರು. ಒಬ್ಬರ ಹೆರಿಗೆಗೆ ಅವರೇ ಕಾರು ತಂದಿದ್ದರಂತೆ. ಇನ್ನೊಬ್ಬರ ತಂದೆ ದಾರಿ ತಪ್ಪಿದಾಗ ದಿನವಿಡೀ ಹುಡುಕಿ ಕರೆತಂದಿದ್ದರಂತೆ. ಪ್ರತಿಯೊಬ್ಬರ ಹತ್ತಿರವೂ ಒಂದು ಋಣದ ಕಥೆ. ಹಾಳೆ ತುಂಬಿ ಹಿಂಬದಿಗೂ ಹೋಯಿತು. ನೋಡುತ್ತ ನನಗೆ ಕಣ್ಣು ತುಂಬಿ ಬಂತು. ಎಂಥ ಮನುಷ್ಯನ ನೆರಳಿನಲ್ಲಿ ನಾವೆಲ್ಲ ಈ ದೇಶದಲ್ಲಿ ನೆಲೆಯಾದೆವು! ನಿಜಕ್ಕೂ ನಮ್ಮ ಪುಣ್ಯ.

ಅಷ್ಟರಲ್ಲಿ ನನ್ನ ಹಾಳೆ ಖಾಲಿ ಬಿದ್ದಿರುವುದು ಕಂಡಿತು.

ಸುಮಾ ಮನೆಯವಳು, ಲೆಕ್ಕಕ್ಕಿಲ್ಲ. ಲೆಕ್ಕಕ್ಕಿದ್ದರೂ ಸಹಿ ಹಾಕುತ್ತಿದ್ದಳೋ ಇಲ್ಲವೋ, ಕೇಳುವ ಧೈರ್ಯ ನನಗಿರಲಿಲ್ಲ. ಫ್ಲೇವಿಯಾ ಮೇಡಂ ಬ್ಯಾಗಿನಲ್ಲಿ ಪೆನ್ನು ಹುಡುಕುತ್ತಲೇ ಇದ್ದರು. ಮಿಕ್ಕವರಿಗೆಲ್ಲ ಇದ್ದಕ್ಕಿದ್ದಂತೆ ಊಟದ ನೆನಪಾಯಿತು.

ಕೊನೆಗೆ ಕೃಷ್ಣಣ್ಣನೇ ಬಂದು ಹಾಳೆ ಎಳೆದುಕೊಂಡರು. ಕನ್ನಡ ಬರೆಯಲು ಬಾರದ್ದಕ್ಕೆ ಅನನ್ಯಾಳನ್ನು ಕೂರಿಸಿಕೊಂಡು ಹೇಳಿ ಬರೆಸಿದರು. ಅವಳು ಕಷ್ಟಪಟ್ಟು ಒಂದೊಂದೇ ಅಕ್ಷರ ಕೂಡಿಸಿ ಬರೆದಳು. ಕೆಳಗೆ ಅವರು ಸಹಿ ಹಾಕಿದರು.

‘ಅರ್ಜಿದಾರರ ನಡತೆಯ ಬಗ್ಗೆ ನಿಮ್ಮ ಅಭಿಪ್ರಾಯ’ ಎಂಬಲ್ಲಿ ಹೀಗಿತ್ತು: “ಮನುಷ್ಯ ಒಳ್ಳೆಯವರು. ಬುದ್ಧಿ ಬರುತ್ತಾ ಇದೆ.”